ಕರಿ ಇಟ್ಟಿಗೆಗೆ ಬಿಳಿ ಮಾಲು

ವಾಡಿ
12 ಆಗಸ್ಟ್ 1982

ಗುರುಲಿಂಗಾ,

ಆರು ದಿನಗಳ ಹಿಂದೆ ನಮ್ಮ ಮೇಸ್ತ್ರಿ, ಉಸ್ತಾದ್ ಖಾಜಾಮಿಯಾ ತೀರಿಕೊಂಡರು. ತೀರಿಕೊಂಡರು ಎಂಬುದು ಸುಳ್ಳು ಮಾತು. ಅವರನ್ನು ಕೊಂದರು.

ಚಿತ್ತಾಪುರದ ಹಾಸ್ಟೆಲಿನಲ್ಲಿ ನಾನು ಕರಪತ್ರಗಳನ್ನು ಗಟ್ಟಿಯಾಗಿ ಓದುವಾಗ ನೀನು ಹೊದಿಕೆ ಎಳೆದುಕೊಂಡು ಮಲಗುತ್ತಿದ್ದೆ. ಈ ಸಲ ಹಾಗೆ ಮಾಡಬೇಡ. ನೀನೀಗ ಸೇಲಂನ ಇಟ್ಟಿಗೆ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿದ್ದೀಯ. ಅವರ ಮೇಲೆ ಬಿದ್ದ ಇಟ್ಟಿಗೆ ನಿಮ್ಮದು.

ನೀನು ನಮ್ಮ ಸಿಮೆಂಟ್ ಕಾರ್ಖಾನೆಯ ಕಿಲನ್ ನೋಡಿಲ್ಲ. ಮಲಗಿಸಿದ ಕಬ್ಬಿಣದ ಕೊಳವೆ ಅದು, ಒಳಗೆ ಎತ್ತಿನ ಬಂಡಿ ಹೋಗುವಷ್ಟು ಅಗಲ. ತಿರುಗುತ್ತಲೇ ಇರುತ್ತದೆ, ಒಳಗೆ ಉರಿ. ಕಬ್ಬಿಣ ಕರಗದಿರಲೆಂದು ಒಳಮೈಗೆ ಸುತ್ತಲೂ ಇಟ್ಟಿಗೆ ಕಟ್ಟುತ್ತಾರೆ. ಇಷ್ಟು ವರ್ಷ ಬಿಳಿ ಇಟ್ಟಿಗೆ ಕಟ್ಟುತ್ತಿದ್ದೆವು. ಉರಿ ಹೆಚ್ಚಿಸಿ ಹೆಚ್ಚು ಸಿಮೆಂಟ್ ತೆಗೆಯುವ ಆಸೆಗೆ ಸಾಹೇಬರು ಈ ಸಲ ನಿಮ್ಮ ಮ್ಯಾಗ್ನೆಸೈಟಿನ ಕರಿ ಇಟ್ಟಿಗೆ ತರಿಸಿದರು. ಜುಲೈ ನಡುವೆ ಉಸ್ತಾದರು ಕಟ್ಟಿ ಕೊಟ್ಟರು. ಇಪ್ಪತ್ತನೆಯ ದಿನಕ್ಕೆ ಕಿಲನ್ನಿನ ಹೊರಮೈ ಕೆಂಪಾಯಿತು, ಎಂದರೆ ಒಳಗೆ ಇಟ್ಟಿಗೆ ಕಳಚಿತ್ತು. ನಿಲ್ಲಿಸಿದರು.

ನಮ್ಮಲ್ಲಿ ಒಂದು ರಿವಾಜು ಇದೆ. ಸಾಹೇಬರದಲ್ಲ, ಶಹಾಬಾದಿನ ಮೇಸ್ತ್ರಿಗಳದು. ಕಟ್ಟಿದ್ದು ಕೆಟ್ಟರೆ, ಕಟ್ಟಿದವನೇ ಮೊದಲು ಒಳಗೆ ಹೋಗಬೇಕು, ಒಬ್ಬನೇ. ಸುತ್ತಿಗೆಯಿಂದ ಇಟ್ಟಿಗೆಗಳನ್ನು ಬಡಿದು, ಸಪ್ಪಳ ಕೇಳಿ, "ಬರ್ರಿ" ಎಂದ ಮೇಲೆಯೇ ಉಳಿದವರು. ಯೂನಿಯನ್ನಿನ ಸೂಗಪ್ಪ ಬಾಗಿಲಲ್ಲಿ ನಿಂತು, "ಚಾಚಾ, ಇನ್ನೊಂದ್ ದಿನ ಆರ್ಲಿ ಬಿಡ್ರಿ" ಎಂದ. ಉಸ್ತಾದರು ನಕ್ಕರು. "ನಾ ಕಟ್ಟಿದ್ದು ನನ್ನ ಮ್ಯಾಲೇ ಬೀಳ್ತದೇನೋ? ಕಟ್ಟಿದ ಕೈ ಅದಕ್ಕ ಗುರ್ತ ಸಿಗಲ್ಲೇನು?"

ಆರೇಳು ಬಡಿತ ಕೇಳಿಸಿದವು. ಆಮೇಲೆ ಮೇಲಿನ ಅರ್ಧ ಸುತ್ತು ಒಟ್ಟಿಗೇ ಬಿತ್ತು.

ಸೆಪ್ಟೆಂಬರ್ ಎಂಟಕ್ಕೆ ವಿಚಾರಣೆ. ಮೇಸ್ತ್ರಿಯ ತಪ್ಪು ಎಂದು ಬರೆಯಲು ಸಾಹೇಬರು ಪೆನ್ನು ತೆರೆದು ಕೂತಿದ್ದಾರೆ. ಹಾಗೆ ಬರೆದರೆ ಉಸ್ತಾದರ ಹೆಂಡತಿ ಜೈತುನ್ಬೀ ಕ್ವಾರ್ಟರ್ಸ್ ಬಿಡಬೇಕು. ಅದಕ್ಕಿಂತ ದೊಡ್ಡದು ಹೆಸರು. ಶಹಾಬಾದಿನಲ್ಲಿ ಅವರ ತಮ್ಮಂದಿರು ನಾಲ್ವರಿದ್ದಾರೆ, ನಾಲ್ವರೂ ಕಿಲನ್ ಮೇಸ್ತ್ರಿಗಳು. ಮಳಖೇಡದ ಕಡೆ ಹೊಸ ಕಾರ್ಖಾನೆ ಏಳುತ್ತಿದೆ, ಅವರಿಗೆ ಕರೆ ಬಂದಿದೆ. ಅಣ್ಣನ ಹೆಸರು ಕೆಟ್ಟರೆ ತಮ್ಮಂದಿರ ಕೈಗೆ ಯಾರು ಕಿಲನ್ ಕೊಡುತ್ತಾರೆ?

ಬಿದ್ದ ರಾಶಿಯಿಂದ ಒಂದು ತುಂಡು ಕದ್ದು ಕಳಿಸಿದ್ದೇನೆ. ಇಟ್ಟಿಗೆ ಕೆಟ್ಟದ್ದು ಎಂದು ಠಸ್ಸೆ ಹೊಡೆದ ಕಾಗದದ ಮೇಲೆ ಬರೆದು ಕೊಡು. ನೀನು ಯಾರ ಕಡೆಯವನು ಎಂಬುದು ಇದರಲ್ಲಿ ತಿಳಿಯುತ್ತದೆ.

ದಶರಥ


ಸೇಲಂ
21 ಆಗಸ್ಟ್ 1982

ದಶರಥ,

ಕಾಗದ, ತುಂಡು ಎರಡೂ ಮುಟ್ಟಿದವು. ಉಸ್ತಾದರನ್ನು ನಾನು ನೋಡಿದ್ದು ಒಂದೇ ಸಲ. ವಾಡಿ ಸ್ಟೇಶನ್ನಿನಲ್ಲಿ ನನಗೆ ಚಹಾ ಕೊಡಿಸಿ, "ಇವ ನಿಮ್ಮ ದೋಸ್ತ್ ಏನ್ರಿ? ಭಾಷಣ ಭಾಳ ಛಲೋ ಮಾಡ್ತಾನ, ಮಾಲ್ ಕಲಸಾಕ ಮಾತ್ರ ಬರಲ್ಲ" ಎಂದಿದ್ದರು. ನೀನು ನಾಚಿಕೊಂಡಿದ್ದೆ. ನಿನ್ನನ್ನು ನಾಚಿಸಬಲ್ಲ ಮನುಷ್ಯ ಒಬ್ಬರಾದರೂ ಇದ್ದಾರಲ್ಲ ಎಂದು ನನಗೆ ಸಮಾಧಾನವಾಗಿತ್ತು.

ತುಂಡನ್ನು ಸೀಮೆಎಣ್ಣೆಯಲ್ಲಿ ನೆನೆಸಿ ತೂಗಿದೆ. ನೀರಿನಲ್ಲಿ ನೆನೆಸುವಂತಿಲ್ಲ, ಈ ಇಟ್ಟಿಗೆಗೂ ಇದರ ಸಂದಿಗೆ ಮೆತ್ತುವ ಮಾಲಿಗೂ ಹಸಿ ಆಗಿಬರುವುದಿಲ್ಲ, ಚೀಲದಲ್ಲಿರುವಾಗಲೇ ತೇವ ತಗುಲಿದರೆ ಮಾಲು ಕೆಟ್ಟುಹೋಗುತ್ತದೆ. ತೂಕ ಸರಿಯಾಗಿದೆ. ಒಳಗಿನ ರಂಧ್ರಗಳು ಹದವಾಗಿವೆ. ಕುಲುಮೆಯಲ್ಲಿ ಸಾವಿರದ ಐನೂರು ಡಿಗ್ರಿಗೆ ಏರಿಸಿ ಮೇಲೆ ಭಾರ ಹೇರಿದೆ. ಬಾಗಲಿಲ್ಲ. ಕಾವಿಗೆ ಎಷ್ಟು ಹಿಗ್ಗಬೇಕೋ ಅಷ್ಟೇ ಹಿಗ್ಗಿತು, ಒಂದು ಅಡಿಗೆ ಸುಮಾರು ಕಾಲಂಗುಲ.

ಇಟ್ಟಿಗೆ ಚೆನ್ನಾಗಿದೆ, ದಶರಥ. ಕೆಟ್ಟದ್ದು ಎಂದು ನಾನು ಬರೆಯಲಾರೆ.

ಆದರೆ ತುಂಡಿನ ಒಂದು ಬದಿಗೆ ಗಾಜಿನಂಥ ಪೊರೆ ಹಿಡಿದಿದೆ. ಅದು ಇಟ್ಟಿಗೆಯದಲ್ಲ, ಎರಡು ಇಟ್ಟಿಗೆಗಳ ನಡುವಿನ ಸಂದಿಯದು. ಸಂದಿಗೆ ಯಾವ ಮಾಲು ಹಚ್ಚಿದ್ದರು? ನಾವು ಇಟ್ಟಿಗೆಯ ಜೊತೆ ಚೀಲಗಳಲ್ಲಿ ಕಳಿಸಿದ್ದೋ, ನಿಮ್ಮ ಹಳೆಯ ಬಿಳಿ ಮಾಲೋ? ಇದೊಂದನ್ನು ತಿಳಿಸು.

ಜೈತುನ್ಬೀ ಅವರಿಗೆ ನನ್ನ ನಮಸ್ಕಾರ ಹೇಳು.

ಗುರುಲಿಂಗಯ್ಯ


ವಾಡಿ
27 ಆಗಸ್ಟ್ 1982

ಗುರುಲಿಂಗಯ್ಯನವರಿಗೆ,

ಸಂಬಳ ಕೊಡುವವನ ಇಟ್ಟಿಗೆ ಬಾಗುವುದಿಲ್ಲ, ಬಲ್ಲೆ. ಬಾಗುವುದು ಅಲ್ಲಿ ಕೆಲಸ ಮಾಡುವವನ ಬೆನ್ನು.

ಮನುಷ್ಯ ಸತ್ತಿದ್ದಾನೆ ಎಂದು ಬರೆದರೆ ಸೀಮೆಎಣ್ಣೆ, ಕಾಲಂಗುಲ ಎಂದು ಉತ್ತರ ಬರೆಯುತ್ತೀಯ. ಹಸಿ ತಗುಲಿದರೆ ಚೀಲ ಕೆಡುತ್ತದೆ ಎಂದು ಯಾಕೆ ಬರೆದೆ? ಚೀಲದ ಸುದ್ದಿ ನಾನು ಕೇಳಿದ್ದೆನೆ? ಯಾರಾದರೂ ನಿನಗೆ ಇಲ್ಲಿಂದ ಬರೆದಿದ್ದಾರೆಯೆ?

ನಿನ್ನೆ ಗೇಟಿನ ಮುಂದೆ ಸಭೆ ಮಾಡಿದೆವು. ನಾನೇ ಬರೆದ ಕರಪತ್ರ ಹಂಚಿದೆವು: "ಕೊಲೆಗಡುಕ ಇಟ್ಟಿಗೆ, ಲಾಭಕೋರ ಒಡೆಯ". ಇನ್ನೂರು ಜನ ಸೇರಿದ್ದರು. ಉಸ್ತಾದರ ಮೂರನೆಯ ತಮ್ಮ ಮಶಾಕ ಶಹಾಬಾದಿನಿಂದ ಬಂದಿದ್ದ. ಸಭೆ ಮುಗಿದ ಮೇಲೆ ನನ್ನ ಎರಡೂ ಕೈ ಹಿಡಿದು, "ನಮಗ ಓದು ಬರಲ್ಲ. ನೀ ನಮ್ಮ ಬಾಯಿ ಇದ್ದಂಗಪಾ" ಎಂದ. ಜೈತುನ್ಬೀ ನನಗೆ ಊಟ ಕಳಿಸಿದ್ದರು. ಉಣ್ಣಲಾಗಲಿಲ್ಲ.

ಇಪ್ಪತ್ತೆಂಟು ವರ್ಷ ಕಿಲನ್ ಕಟ್ಟಿದ ಕೈ ಅದು. ಕಣ್ಣು ಮುಚ್ಚಿ ಇಟ್ಟಿಗೆ ಮುಟ್ಟಿದರೆ ಅದರ ಮೂಲೆ ಎಷ್ಟು ಸವೆದಿದೆ ಎಂದು ಹೇಳುತ್ತಿದ್ದರು. ಅವರು ಕಟ್ಟಿದ್ದರಲ್ಲಿ ತಪ್ಪು ಹುಡುಕುವವರು ಮೊದಲು ತಮ್ಮ ಕೈ ನೋಡಿಕೊಳ್ಳಲಿ.

ಕೊನೆಯ ಸಲ ಕೇಳುತ್ತೇನೆ. ಬರೆದು ಕೊಡುತ್ತೀಯೋ ಇಲ್ಲವೋ?

ದಶರಥ


ಸೇಲಂ
4 ಸೆಪ್ಟೆಂಬರ್ 1982

ದಶರಥ,

ಮಾಲಿನ ಪ್ರಶ್ನೆಗೆ ನೀನು ಉತ್ತರ ಕೊಡಲಿಲ್ಲ. ಹಾಗಾಗಿ ನಾನೇ ಮಾಡಿ ನೋಡಿದೆ.

ಕರಿ ಇಟ್ಟಿಗೆಯ ನಾಲ್ಕು ಚೂರು ಕೊಯ್ದೆ. ಎರಡನ್ನು ನಮ್ಮ ಮಾಲಿನಿಂದ ಕೂಡಿಸಿದೆ. ಉಳಿದೆರಡನ್ನು ಇಲ್ಲಿನ ಗೋದಾಮಿನಲ್ಲಿದ್ದ ಬಿಳಿ ಮಾಲಿನಿಂದ ಕೂಡಿಸಿದೆ. ನೀವು ಹಳೆಯ ಇಟ್ಟಿಗೆಗೆ ಹಚ್ಚುವಂಥದೇ. ಎರಡೂ ಜೋಡಿಗಳನ್ನು ಒಂದೇ ಕುಲುಮೆಯಲ್ಲಿ, ನಿಮ್ಮ ಕಿಲನ್ನಿನ ಉರಿಯಷ್ಟೇ ಕಾವಿನಲ್ಲಿ ಐದು ತಾಸು ಇಟ್ಟೆ. ಮೊದಲನೆಯ ಜೋಡಿಯನ್ನು ಬಿಡಿಸಲು ಉಳಿ ಬೇಕಾಯಿತು. ಎರಡನೆಯದು ಇಕ್ಕಳದಲ್ಲಿ ಎತ್ತುವಾಗಲೇ ಜಾರಿ ಬೇರೆಯಾಯಿತು. ನಡುವೆ ಜೇನಿನಂಥ ಪಾಕ. ಆರಿದ ಮೇಲೆ ನೀನು ಕಳಿಸಿದ ತುಂಡಿನ ಮೇಲಿದ್ದ ಅದೇ ಗಾಜು.

ಕರಿ ಇಟ್ಟಿಗೆಯ ಮ್ಯಾಗ್ನೀಸಿಯಾ ತಾನೊಂದೇ ಇದ್ದರೆ ಎರಡು ಸಾವಿರದ ಎಂಟುನೂರು ಡಿಗ್ರಿಗೆ ಕರಗುತ್ತದೆ. ಬಿಳಿ ಮಾಲಿನ ಅಲ್ಯೂಮಿನಾ ಎರಡು ಸಾವಿರ ದಾಟುತ್ತದೆ, ಅದರೊಳಗಿನ ಮರಳಿನಂಶ ಸಾವಿರದ ಏಳುನೂರು. ಒಂದೊಂದೂ ಗಟ್ಟಿ. ಮೂರೂ ಒತ್ತಿ ಕೂತು ಕಾದರೆ ಸಾವಿರದ ನಾನೂರರ ಒಳಗೇ ಬೆವರತೊಡಗುತ್ತವೆ. ಇಟ್ಟಿಗೆಗೂ ಕುಂದಿಲ್ಲ, ಮಾಲಿಗೂ ಕುಂದಿಲ್ಲ. ಕೂಡಿಸಿದ್ದು ತಪ್ಪು.

ನೀನು ಯಾಕೆ ಸುಮ್ಮನಿದ್ದೀಯ ಎಂಬುದು ನನಗೆ ಅರ್ಥವಾಗಿದೆ. ಉಸ್ತಾದರನ್ನು ಕಾಪಾಡುತ್ತಿದ್ದೀಯ. ಅಭ್ಯಾಸದ ಬಲದಿಂದ ಅವರು ಹಳೆಯ ಮಾಲನ್ನೇ ಕಲಸಿದರು, ಗುರುವಿನ ತಪ್ಪನ್ನು ಹೇಳಲು ನಿನಗೆ ಮನಸ್ಸಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೂ ಹಾಗೆಯೇ ಮಾಡುತ್ತಿದ್ದೆನೇನೋ.

ಇನ್ನೊಂದು ವಿಷಯ ಮುಚ್ಚಿಡುವುದಿಲ್ಲ. ನಿಮ್ಮ ಕಾರ್ಖಾನೆಯಿಂದ ನಮ್ಮ ಸಾಹೇಬರಿಗೆ ಕಾಗದ ಬಂದಿತ್ತು. ಅವರು ನನ್ನ ವರದಿ ಕೇಳಿದರು. "ಮೇಸ್ತ್ರಿಯು ಹೊಂದಿಕೆಯಾಗದ ಮಾಲನ್ನು ಬಳಸಿದ್ದರಿಂದ ಸಂದಿ ಕರಗಿದೆ" ಎಂದು ಬರೆದು ಸಹಿ ಮಾಡಿದೆ. ಕಂಡದ್ದನ್ನು ಬರೆದಿದ್ದೇನೆ. ಬೈಯುವುದಿದ್ದರೆ ಬೈ. ಆದರೆ ಉತ್ತರ ಬರೆ.

ಗುರುಲಿಂಗಯ್ಯ


ವಾಡಿ
10 ಸೆಪ್ಟೆಂಬರ್ 1982
(ಕಾರ್ಡು)

ನಿನ್ನ ಸಹಿಯ ಕಾಗದವನ್ನು ವಿಚಾರಣೆಯಲ್ಲಿ ಓದಿದರು. "ಓದು ಬರಹ ತಿಳಿಯದ ಮೇಸ್ತ್ರಿಯ ಅಜಾಗರೂಕತೆ" ಎಂದು ಬರೆದು ಮುಗಿಸಿದರು. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಇನ್ನು ಬರೆಯಬೇಡ.


ಸೇಲಂ
3 ನವೆಂಬರ್ 1982

ದಶರಥ,

ಬರೆಯಬೇಡ ಎಂದ ಮೇಲೂ ಇದು ಮೂರನೆಯ ಕಾಗದ. ದೀಪಾವಳಿಗೆ ಊರಿಗೆ ಬರಬೇಕೆಂದಿದ್ದೆ. ವಾಡಿಯಲ್ಲಿ ಗಾಡಿ ಬದಲಿಸಬೇಕು. ನೀನು ಪ್ಲಾಟ್‌ಫಾರ್ಮಿನಲ್ಲಿ ಕಂಡು ಮುಖ ತಿರುಗಿಸಿದರೆ ಏನು ಮಾಡಲಿ ಎಂದು ರಜೆಯನ್ನೇ ಕೇಳಲಿಲ್ಲ.

ನೀನು ಸಿಟ್ಟಿನವನು, ಆದರೆ ಬೈಗುಳವನ್ನು ನಾಲ್ಕು ಪುಟಕ್ಕಿಂತ ಕಡಿಮೆ ಬರೆದವನಲ್ಲ. ಕಾರ್ಡಿನಲ್ಲಿ ಐದಾರು ಸಾಲಿಗೆ ನಿಲ್ಲಿಸಿದ್ದು ನನ್ನನ್ನು ಹೆದರಿಸಿದೆ. ವಿಚಾರಣೆಯಲ್ಲಿ ಇನ್ನೂರು ಜನರ ಬಾಯಿಯಾದವನು ಹಿಂದಿನ ಬೆಂಚಿನಲ್ಲಿ ಯಾಕೆ ಕೂತಿದ್ದ?

ಗುರುಲಿಂಗಯ್ಯ


ವಾಡಿ
16 ಜನವರಿ 1983

ಗುರುಲಿಂಗಾ,

ಯಾಕೆ ಕೂತಿದ್ದೆ ಎಂದರೆ, ಮುಂದೆ ಕೂತರೆ ನನ್ನನ್ನು ಕೇಳುತ್ತಿದ್ದರು.

ನಿಮ್ಮ ಮಾಲಿನ ಚೀಲಗಳನ್ನು ಹಲಗೆಯ ಮೇಲೆ ಇಡಬೇಕಿತ್ತು. ಹೊರೆ ಹೊರುವ ಪೀರಮ್ಮ ನೆಲದ ಮೇಲೆ ಇಟ್ಟಳು. ಜುಲೈ ಮಳೆಗೆ ಶೆಡ್ಡಿನೊಳಗೆ ನೀರು ಬಂತು, ಅಷ್ಟೂ ಚೀಲ ಗಡ್ಡೆಕಟ್ಟಿದವು. ಇನ್ನೊಂದು ತಪ್ಪಾದರೆ ಮನೆಗೆ ಕಳಿಸುವುದಾಗಿ ಸಾಹೇಬರು ಅವಳಿಗೆ ಮೊದಲೇ ಹೇಳಿದ್ದರು. ಅವಳು ಬಾಯಿಗೆ ಸೆರಗು ತುರುಕಿಕೊಂಡು ಅಳುತ್ತಿದ್ದಳು. ಉಸ್ತಾದರು ಹೇಳಿದರು: "ಮೂರ್ ದಿನ ತಡಿಯೋಣ. ಸಾಹೇಬ್ರಿಗಿ ಹೇಳಿ ಹೊಸ ಚೀಲ ತರಸ್ತೀನಿ. ಪೀರಮ್ಮನ ಸಲುವಾಗಿ ನಾ ಕಾಲ್ ಹಿಡಿತೀನಿ ತಗೋ."

ಉಸ್ತಾದರು ಕಾಲು ಹಿಡಿಯುವುದನ್ನು ನನ್ನಿಂದ ಸಹಿಸಲಾಗಲಿಲ್ಲ. ಹಳೆಯ ಬಿಳಿ ಮಾಲು ಶೆಡ್ಡಿನ ತುಂಬ ಇದೆಯಲ್ಲ ಎಂದೆ. ಅವರು ಇಟ್ಟಿಗೆಯ ಜೊತೆ ಬಂದಿದ್ದ ಇಂಗ್ಲಿಷ್ ಚೀಟಿಯನ್ನು ನನ್ನ ಕೈಗೆ ಕೊಟ್ಟರು. "ಬೇಟಾ, ಏನ್ ಬರದಾರ ಓದು. ನಮ್ಮ ಬಿಳಿ ಮಾಲ್ ನಡಿತದೇನ್ ನೋಡು."

ಮೂರನೆಯ ಸಾಲಿನಲ್ಲಿತ್ತು. ಬೇರೆ ಯಾವ ಮಾಲನ್ನೂ ಬಳಸಕೂಡದು, ದಪ್ಪ ಅಕ್ಷರದಲ್ಲಿ. ಓದಿದೆ. ಮನಸ್ಸಿನಲ್ಲಿ ಓದಿದೆ. ಗಟ್ಟಿಯಾಗಿ, "ನಡಿತದ ಉಸ್ತಾದ್. ಇಟ್ಟಿಗಿ ಮಾರಿದವ್ರು ಮಣ್ಣೂ ಮಾರಬೇಕಲ್ಲ, ಅದಕ್ಕ ಏನೇನೋ ಬರದಾರ" ಎಂದೆ.

ಅವರು ನನ್ನ ಮುಖ ನೋಡಿದರು. "ಓದಿ ಹೇಳಾಕತ್ತಿಯೋ, ನಿನ್ ಮನಸಿಂದ ಹೇಳಾಕತ್ತಿಯೋ?"

"ಓದೇ ಹೇಳಾಕತ್ತೀನಿ."

"ಹಂಗಾದ್ರ ಆತು" ಎಂದು ಮಾಲು ಕಲಸುವ ಬಾಂಡ್ಲಿ ಎತ್ತಿಕೊಂಡರು.

ಅಂದು ಸಂಜೆ ಎದೆಯುಬ್ಬಿಸಿ ಮನೆಗೆ ನಡೆದೆ. ಒಬ್ಬ ಬಡವಳ ಕೆಲಸ ಉಳಿಸಿದೆ, ಒಬ್ಬ ವ್ಯಾಪಾರಿಯ ಮೋಸ ಬಯಲು ಮಾಡಿದೆ. ನನ್ನನ್ನು ಒಳ್ಳೆಯವನೆಂದು ಓದಿಕೊಳ್ಳಬೇಡ. ಆದರೆ ಅದು ಮೋಸವೆಂದು ನಾನು ನಿಜವಾಗಿ ನಂಬಿದ್ದೆ. ಎರಡು ರೂಪಾಯಿಯ ಪುಸ್ತಿಕೆಗಳಲ್ಲಿ ಕಂಪನಿಗಳು ಹೀಗೆಯೇ ಮೋಸ ಮಾಡುತ್ತವೆ ಎಂದು ಓದಿದ್ದೆ. ಬೆಂಕಿಗೆ ಯಾವುದು ಯಾವುದರ ಜೊತೆ ಆಗದು ಎಂದು ಓದಿರಲಿಲ್ಲ. ಓದಿರಲಿಲ್ಲವೆಂದು ಅನ್ನಿಸಲೂ ಇಲ್ಲ.

ಹೊರಮೈ ಕೆಂಪಾದ ದಿನವೇ ಸಂಶಯ ಬಂತು. ಅವರು ಒಳಗೆ ಹೋಗುವಾಗ ಬಾಗಿಲಲ್ಲಿ ಸೂಗಪ್ಪನ ಹಿಂದೆ ನಾನಿದ್ದೆ. "ಉಸ್ತಾದ್, ನಿಲ್ರಿ, ನಾ ಸುಳ್ಳ ಹೇಳಿದ್ದೆ" ಎಂಬ ಮಾತು ನಾಲಿಗೆಯ ತನಕ ಬಂದಿತ್ತು. ಸುತ್ತಲೂ ಹನ್ನೆರಡು ಮಂದಿ. ಅವರ ಮುಂದೆ ಬೇಡ, ಹೊರಗೆ ಬಂದ ಮೇಲೆ ಒಬ್ಬರಿಗೇ ಹೇಳೋಣ ಎಂದುಕೊಂಡೆ.

ನಿನ್ನ ಎರಡನೆಯ ಕಾಗದ ಬರುವ ಹೊತ್ತಿಗೆ ನನಗೆ ಎಲ್ಲ ಗೊತ್ತಿತ್ತು. ಉಸ್ತಾದರನ್ನು ಕಾಪಾಡುತ್ತಿದ್ದೀಯ ಎಂದು ನೀನು ಬರೆದೆ. ಆ ಸಾಲನ್ನು ಹಿಡಿದುಕೊಂಡು ನಾಲ್ಕು ತಿಂಗಳು ಬದುಕಿದೆ.

ಅಕ್ಟೋಬರಿನಲ್ಲಿ ಜೈತುನ್ಬೀ ಕ್ವಾರ್ಟರ್ಸ್ ಬಿಟ್ಟು ಶಹಾಬಾದಿಗೆ ಮೈದುನರ ಮನೆಗೆ ಹೋದರು. ಅವರ ಟ್ರಂಕನ್ನು ಸ್ಟೇಶನ್ನಿಗೆ ಹೊತ್ತವನು ನಾನು. ಗಾಡಿಯ ಕಿಟಕಿಯಿಂದ ಕೈ ಚಾಚಿ ನನ್ನ ತಲೆ ಮುಟ್ಟಿ, "ನಮ್ಮವರ ಸಲುವಾಗಿ ಭಾಳ ಬಡದಾಡಿದ್ಯಪ್ಪ, ಅಲ್ಲಾ ನಿನ್ನ ಛಲೋ ಇಡ್ಲಿ" ಎಂದರು.

ಮೊನ್ನೆ ಸೂಗಪ್ಪ ಸುದ್ದಿ ತಂದ. ಮಳಖೇಡದ ಕಡೆ ಗುತ್ತೇದಾರನೊಬ್ಬ ನಾಲ್ವರನ್ನೂ ವಾಪಸು ಕಳಿಸಿದನಂತೆ. "ಇಪ್ಪತ್ತ ದಿನಕ್ಕ ಬಿತ್ತಲ್ಲ, ಆ ಮೇಸ್ತ್ರಿ ತಮ್ಮಂದಿರೇನ್ರಿ ನೀವು?" ಎಂದು ಕೇಳಿದನಂತೆ. ಈಗ ನಾಲ್ವರೂ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಗೆ ಹೋಗುತ್ತಾರೆ.

ಏನು ಮಾಡಲಿ, ಹೇಳು.

ದಶರಥ


ಸೇಲಂ
25 ಜನವರಿ 1983

ದಶರಥ,

ನಿನ್ನ ಕಾಗದ ಮುಟ್ಟಿತು.

ಕುಲುಮೆ ನನಗೆ ತೋರಿಸಿದ್ದು ಕರಗಿದ ಮಾಲನ್ನು ಮಾತ್ರ. ಅದನ್ನು ಹಚ್ಚಲು ಹೇಳಿದವರು ಯಾರೆಂದು ಅದು ಹೇಳಿರಲಿಲ್ಲ. ಆದರೂ "ಮೇಸ್ತ್ರಿ" ಎಂದು ಬರೆದೆ. ಓದು ಬಾರದವನೇ ತಪ್ಪು ಮಾಡಿರಬೇಕು ಎಂದು, ಕೇಳದೆಯೇ ಬರೆದೆ. ಹಾಸ್ಟೆಲಿನಲ್ಲಿ ನೀನು ಬೈಯುತ್ತಿದ್ದ ಸಾಹೇಬರಿಗೂ ನನಗೂ ಏನು ಅಂತರ ಉಳಿಯಿತು? ನಿನ್ನೆ ತಿದ್ದುಪಡಿ ಬರೆದುಕೊಂಡು ಹೋದೆ. "ಮುಗಿದ ಕಡತ" ಎಂದು ನಮ್ಮ ಸಾಹೇಬರು ನೋಡಲೂ ಇಲ್ಲ.

ನನಗೆ ಹೇಳಿ ನೀನು ಮುಗಿಸಿದೆ ಎಂದುಕೊಳ್ಳಬೇಡ. ನಾನು ನಿನ್ನ ಗೆಳೆಯ. ನನ್ನ ಮುಂದೆ ಹೇಳುವುದು ಸುಲಭ. ಶಹಾಬಾದಿಗೆ ಹೋಗು.

ಗುರುಲಿಂಗಯ್ಯ


ಶಹಾಬಾದ್ ಸ್ಟೇಶನ್
6 ಫೆಬ್ರವರಿ 1983

ಗುರುಲಿಂಗಾ,

ಮೊದಲು ಸೂಗಪ್ಪನಿಗೆ ಹೇಳಿದೆ. "ಈಗ್ಯಾಕ ಬಾಯಿ ಬಿಡ್ತಿ? ಯೂನಿಯನ್ ಮಣ್ಣಾಗ ಹೋಗ್ತದ" ಎಂದ. ಆಮೇಲೆ ಸಾಹೇಬರ ಬಳಿ ಹೋದೆ. ಬರೆದದ್ದನ್ನು ತಿದ್ದಲಾಗದು ಎಂದರು. ನನ್ನನ್ನು ಮಾತ್ರ ಕೆಲಸದಿಂದ ತೆಗೆದರು. ಚೀಲ ಒದ್ದೆ ಮಾಡಿದವರು ಯಾರು ಎಂದು ಕೇಳಿದರು. ನಾನೇ ಎಂದೆ. ಆ ಒಂದು ಸುಳ್ಳು ಇರಲಿ.

ಇವತ್ತು ಭಾನುವಾರ, ಖಣಿಗೆ ರಜೆ. ಮಶಾಕ ಮನೆಯಲ್ಲಿದ್ದ. ಜೈತುನ್ಬೀ ನೀರು ಕೊಟ್ಟು, "ಎಷ್ಟ್ ಸೊರಗಿಯೋ" ಎಂದರು. ನೀರು ಕುಡಿಯದೆಯೇ ಎಲ್ಲ ಹೇಳಿದೆ.

ಮಶಾಕ ತನ್ನ ಕೈಗಳನ್ನು ನೋಡಿಕೊಂಡ. ಕಲ್ಲಿನ ಪುಡಿ ಕೂತು ಬೆಳ್ಳಗಾಗಿದ್ದವು. "ಓದೇ ಹೇಳಾಕತ್ತೀನಿ ಅಂದಿ?"

"ಅಂದೆ."

ಎದ್ದು ಕೈ ಎತ್ತಿದ. ನಾನು ಮುಖ ತಪ್ಪಿಸಲಿಲ್ಲ. ಜೈತುನ್ಬೀ ಕೂತಲ್ಲಿಂದಲೇ ಹೇಳಿದರು: "ಬ್ಯಾಡ ಮಶಾಕ. ಹೊಡದ್ರ ಅವಗ ಹಗುರ ಆಗ್ತದ."

ಆಮೇಲೆ ನನ್ನ ಕಡೆ ತಿರುಗಿದರು. "ಅವತ್ತ ನನ್ನ ಟ್ರಂಕ್ ಹೊತ್ತಿ. ಅವಾಗ ಗೊತ್ತಿತ್ತೇನ್ ನಿಂಗ?"

"ಗೊತ್ತಿತ್ತು."

"ನಾ ನಿಂಗ ದುವಾ ಕೊಟ್ಟೆ" ಎಂದರು.

ಮಶಾಕ ಒಳಗಿನಿಂದ ನಾಲ್ಕು ಹಾಳೆ ತಂದು ನನ್ನ ಮುಂದೆ ಹಾಕಿದ. "ಬರಿ. ನಾಲ್ಕ್ ಮಂದಿ ಅದೀವಿ, ನಾಲ್ಕ್ ಹಾಳಿ. ಎಲ್ಲಿ ಕೆಲಸಕ್ಕ ಹೋದ್ರೂ ಇದನ್ನ ತೋರಸ್ತೀವಿ. ಭಾಷಣ ಬ್ಯಾಡ."

ಬರೆದೆ. ಕರಪತ್ರ ಬರೆಯುವಾಗ ಎಂದೂ ಕೈ ತಡೆದಿರಲಿಲ್ಲ. ಈ ಐದಾರು ಸಾಲಿಗೆ ಒಂದು ತಾಸು ಹಿಡಿಯಿತು. ಉಳಿದ ಮೂರು ಹಾಳೆಗೂ ಅದನ್ನೇ ಇಳಿಸಿದೆ. ಮುಗಿಸಿ, ಓದಿ ಹೇಳಲು ಒಂದು ಹಾಳೆಯನ್ನು ಎತ್ತಿಕೊಂಡೆ.

"ನೀ ಬ್ಯಾಡ" ಎಂದ ಮಶಾಕ. ನನ್ನ ಕೈಯಿಂದ ಹಾಳೆ ತೆಗೆದುಕೊಂಡು, ಪಕ್ಕದ ಮನೆಯ ಅಬ್ದುಲ್ ಸಲಾಂ ಮಾಸ್ತರರನ್ನು ಕರೆದು ತಂದ. ಮಾಸ್ತರರು ಕನ್ನಡಕ ಹಾಕಿಕೊಂಡು, ಶಾಲೆಯಲ್ಲಿ ಓದುವಂತೆ, ಒಂದೊಂದೇ ಮಾತನ್ನು ಬಿಡಿಸಿ ಓದಿದರು:

"ಕರಿ ಇಟ್ಟಿಗೆಗೆ ಬಿಳಿ ಮಾಲು ನಡೆಯುವುದಿಲ್ಲ ಎಂದು ಚೀಟಿಯಲ್ಲಿ ಬರೆದಿತ್ತು. ನಡೆಯುತ್ತದೆ ಎಂದು ನಾನು ಓದಿ ಹೇಳಿದೆ. ಉಸ್ತಾದ್ ಖಾಜಾಮಿಯಾ ಹೊಸ ಮಾಲಿಗಾಗಿ ಮೂರು ದಿನ ಕಾಯೋಣ ಎಂದಿದ್ದರು. ಅವರ ಕೈಕೆಲಸದಲ್ಲಿ ತಪ್ಪಿರಲಿಲ್ಲ. ತಪ್ಪು ಓದಿದವನದು. ಇದನ್ನು ತಿಳಿದೂ ಆರು ತಿಂಗಳು ಹೇಳಲಿಲ್ಲ. ದಶರಥ, ವಾಡಿ."

ಮಾಸ್ತರರು ಕನ್ನಡಕ ತೆಗೆದು, ಹಾಳೆಯನ್ನು ಮಡಚತೊಡಗಿದರು.

ಜೈತುನ್ಬೀ ಕೈ ಅಡ್ಡ ಮಾಡಿದರು. "ಅವರ ಕೈಕೆಲಸ ಅಂತ ಬಂತಲ್ರಿ ಮಾಸ್ತರ್, ಆ ಸಾಲಷ್ಟೇ ಇನ್ನೊಮ್ಮಿ ಓದ್ರಿ."

ಮಾಸ್ತರರು ಕನ್ನಡಕ ಹಾಕಿಕೊಂಡು ಓದಿದರು.

ದಶರಥ